ಬೇಸ್ ಗಿಟಾರಿನ ಜ್ಯಾಕ್: ಕರಕರ ಬಂದಾಗ ಮನೆಯಲ್ಲೇ ಮಾಡಿಕೊಳ್ಳುವ ರಿಪೇರಿ

ಬೇಸ್ ಗಿಟಾರ್ ಕರಕರ ಎನ್ನಲು ಶುರುವಾದರೆ ಎಷ್ಟೋ ಮಂದಿ ಪಿಕಪ್, ಅಂದರೆ ತಂತಿಯ ಅದುರುವಿಕೆಯನ್ನು ಸಿಗ್ನಲ್ ಮಾಡುವ ಭಾಗ, ಹೋಯಿತು ಎಂದು ಹೆದರುತ್ತಾರೆ. ಪಿಕಪ್ ಅಷ್ಟು ಸುಲಭಕ್ಕೆ ಹೋಗುವ ವಸ್ತುವಲ್ಲ. ಅದು ಕೂತಲ್ಲೇ ಕೂತಿರುತ್ತದೆ. ಅದನ್ನು ಯಾರೂ ಎಳೆಯುವುದಿಲ್ಲ, ತಿರುಗಿಸುವುದಿಲ್ಲ. ಕೇಬಲ್ ಸಿಕ್ಕಿಸುವ ಜ್ಯಾಕಿನ ಪಾಡು ಬೇರೆ. ದಿನಕ್ಕೆ ನಾಲ್ಕಾರು ಸಲ ಪಿನ್ ಒಳಗೆ ಹೋಗಿ ಹೊರಗೆ ಬರುತ್ತದೆ. ನುಡಿಸುವಾಗ ಕೇಬಲ್ ಜೋತಾಡುತ್ತದೆ. ಯಾರಾದರೂ ಅದರ ಮೇಲೆ ಕಾಲಿಟ್ಟರೆ ಪೂರ್ತಿ ಎಳೆತ ಜ್ಯಾಕಿಗೇ ಬೀಳುತ್ತದೆ. ಮೇಲಿಂದ ನಮ್ಮ ಕಾಸರಗೋಡಿನ ಉಪ್ಪುಗಾಳಿ. ಇಡೀ ಗಿಟಾರಿನಲ್ಲಿ ಇಷ್ಟು ಪೆಟ್ಟು ತಿನ್ನುವ ಭಾಗ ಇನ್ನೊಂದಿಲ್ಲ.

ಇದನ್ನು ನಾನು ಕಲಿತದ್ದು ಕುಂಬಳೆ ಹತ್ತಿರದ ಒಂದು ಚರ್ಚ್ ಹಬ್ಬದ ಸಂಜೆ. ಎರಡನೇ ಹಾಡಿನ ನಡುವೆ ಬೇಸ್ ಸದ್ದು ನಿಂತಿತು. ಕೀಬೋರ್ಡಿನವನು ತಿರುಗಿ, "ಎಂತ ಆಯ್ತು ಮಾರಾಯ?" ಎಂದ. ನೋಡಿದರೆ ಜ್ಯಾಕಿನ ನಟ್ ಸಡಿಲವಾಗಿತ್ತು. ಬೆರಳಲ್ಲೇ ಹಿಡಿದು ಗಟ್ಟಿಯಾಗಿ ತಿರುಗಿಸಿದೆ. ಸದ್ದು ಬಂತು. ಮೂರು ಹಾಡು ನಡೆಯಿತು. ನಾಲ್ಕನೆಯದಕ್ಕೆ ಪೂರ್ತಿ ಹೋಯಿತು, ಮತ್ತೆ ಬರಲಿಲ್ಲ. ರಾತ್ರಿ ಮನೆಗೆ ಬಂದು ಬಿಚ್ಚಿದೆ. ಒಳಗಿನ ಎರಡು ವಯರ್ ಹಗ್ಗದ ಹಾಗೆ ಹುರಿಗೊಂಡು, ಒಂದು ಬೆಸುಗೆಯ ಬುಡದಲ್ಲೇ ತುಂಡಾಗಿತ್ತು. ನಟ್ ತಿರುಗಿಸಿದೆ ಎಂದುಕೊಂಡಿದ್ದೆ. ತಿರುಗಿದ್ದು ಜ್ಯಾಕ್.

ಅಂದಿನಿಂದ ನನ್ನ ಬೇಸ್ ಮಾತ್ರವಲ್ಲ, ಉಪ್ಪಳ, ಬದಿಯಡ್ಕ, ಮಂಜೇಶ್ವರ ಕಡೆಯ ಗೆಳೆಯರ ಬೇಸ್‌ಗಳನ್ನೂ ಬಿಚ್ಚಿ ಸರಿ ಮಾಡಿದ್ದೇನೆ. ಬಂದ ದೋಷಗಳಲ್ಲಿ ಹೆಚ್ಚಿನವು ಅಲ್ಲಿಂದಲೇ ಶುರುವಾದವು: ಸಡಿಲ ನಟ್, ಅದನ್ನು ಹೊರಗಿನಿಂದ ತಿರುಗಿಸಿದ ಕೈ. ಈ ಕೆಲಸಕ್ಕೆ ಮಂಗಳೂರಿಗೆ 50 ಕಿಲೋಮೀಟರ್ ಬಸ್ಸಿನಲ್ಲಿ ಗಿಟಾರ್ ಹೊತ್ತುಕೊಂಡು ಹೋಗಬೇಕಾಗಿಲ್ಲ. ಒಂದು ಮಧ್ಯಾಹ್ನ ಬಿಡುವಿದ್ದರೆ ಸಾಕು.

ಒಳಗೆ ಇರುವುದು ಏನು?

ಮೊದಲು ಹೆಸರುಗಳ ಗೊಂದಲ ಕಳೆಯೋಣ. ಕೇಬಲ್ ತುದಿಯಲ್ಲಿರುವ ಗಂಡು ತುಂಡನ್ನು ಇಲ್ಲಿ ಪಿನ್ ಎನ್ನುತ್ತೇನೆ, ಗಿಟಾರಿನಲ್ಲಿರುವ ಹೆಣ್ಣು ತುಂಡನ್ನು ಜ್ಯಾಕ್. ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಎರಡಕ್ಕೂ ಪಿ-38 ಎಂದೇ ಹೆಸರು. ಹಾಗಾಗಿ ಕೇಳುವಾಗ "ಪಿ-38 ಸಾಕೆಟ್" ಎಂದು ಬಿಡಿಸಿ ಹೇಳಿ.

ಪಿನ್ನಿನ ದಪ್ಪ ಕಾಲು ಇಂಚು, ಅಂದರೆ 6.35 ಮಿಲಿಮೀಟರ್. ಈ ಅಳತೆ ಬಂದದ್ದು ಟೆಲಿಫೋನ್ ಎಕ್ಸ್‌ಚೇಂಜುಗಳಿಂದ. 1870ರ ದಶಕದ ಕೊನೆಯಲ್ಲಿ ಕರೆಗಳನ್ನು ಕೈಯಿಂದ ಜೋಡಿಸಲು ಶುರುವಾದಾಗ ಬಂದ ಪಿನ್ನಿನ ವಂಶವೇ ಇದು. 1951ರಲ್ಲಿ ಫೆಂಡರ್ ಕಂಪನಿ ಪ್ರಿಸಿಶನ್ ಬೇಸ್ ತಂದಾಗಲೂ ಅದನ್ನೇ ಬಳಸಿತು. ಇವತ್ತಿಗೂ ಅದೇ.

ತೆರೆದ ಜ್ಯಾಕನ್ನು ಕೈಯಲ್ಲಿ ಹಿಡಿದು ನೋಡಿದರೆ ಎಲ್ಲವೂ ಕಣ್ಣಿಗೆ ಕಾಣುತ್ತದೆ. ನಡುವೆ, ನಟ್ ಕೂರಲು ಮರೆ (ತಿರುಪಿನ ಗೆರೆ) ಇರುವ ಒಂದು ಕೊಳವೆ. ಅದು ಅರ್ತ್. ಪಿನ್ನಿನ ಮೈ ಅದಕ್ಕೆ ತಾಗುತ್ತದೆ. ಪಕ್ಕದಿಂದ ಎದ್ದು ಬಾಗಿರುವ ಒಂದು ಸ್ಪ್ರಿಂಗ್ ಪಟ್ಟಿ. ಪಿನ್ನಿನ ತುದಿಯಲ್ಲಿ ಕುತ್ತಿಗೆಯ ಹಾಗೆ ಒಂದು ತಗ್ಗು ಇದೆಯಲ್ಲ, ಈ ಪಟ್ಟಿಯ ಬಾಗು ಅದರಲ್ಲಿ ಕೂರುತ್ತದೆ. ಸಿಗ್ನಲ್ ಹೋಗುವುದು ಇದರ ಮೂಲಕ. ಪಿನ್ ಹಾಕಿದಾಗ 'ಟಕ್' ಎಂದು ಕೇಳುವುದು ಇದೇ ಕೂತ ಸದ್ದು. ಎರಡಕ್ಕೂ ಹಿಂದೆ ಒಂದೊಂದು ಕಿವಿ ಇರುತ್ತದೆ, ವಯರ್ ಬೆಸುಗೆ ಹಾಕುವುದು ಅಲ್ಲಿ.

ಇನ್ನೊಂದು ಬಗೆಯೂ ಇದೆ: ಉದ್ದ ಕೊಳವೆಯಂತೆ ಪೂರ್ತಿ ಮುಚ್ಚಿದ ಜ್ಯಾಕ್. ಗಿಟಾರಿನ ಅಂಚಿನಲ್ಲಿ ತೂತು ಕೊರೆದು ಕೂರಿಸುವಂಥದ್ದು. ನೋಡಲು ಚಂದ. ಆದರೆ ಒಳಗಿನ ಪಟ್ಟಿಗೆ ಕೈ ಹಾಕಲು ದಾರಿಯಿಲ್ಲ. ಅದು ಸಡಿಲವಾದರೆ ಬದಲಿಸುವುದೇ ಸರಿ, ಕೂತು ತಿದ್ದಲು ಹೋಗಬೇಡಿ.

ದೋಷ ಎಲ್ಲಿದೆ ಎಂದು ಹಿಡಿಯಿರಿ

ಸ್ಕ್ರೂ ಡ್ರೈವರ್ ಕೈಗೆತ್ತಿಕೊಳ್ಳುವ ಮೊದಲು ಹತ್ತು ನಿಮಿಷ ಇದಕ್ಕೆ ಕೊಡಿ. ಜ್ಯಾಕ್ ಎಂದುಕೊಂಡದ್ದು ಕೇಬಲ್ ಆಗಿರುವುದು ಜಾಸ್ತಿ.

ಆಂಪ್ (ಆಂಪ್ಲಿಫಯರ್) ಸದ್ದನ್ನು ತಗ್ಗಿಸಿಡಿ. ಬೇಸ್ ವಾಲ್ಯೂಮ್ ಪೂರ್ತಿ ಏರಿಸಿ. ಈಗ ಗಿಟಾರಿನ ಕಡೆಯ ಪಿನ್ನನ್ನು ಮೆಲ್ಲ ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ಅಲ್ಲಾಡಿಸಿ. ಕರಕರ ಬಂದರೆ ಕೇಬಲನ್ನು ಕಳಚಿ ತಿರುಗಾಮುರುಗಾ ಹಾಕಿ. ಗಿಟಾರಿಗೆ ಇದ್ದ ತುದಿ ಆಂಪಿಗೆ, ಆಂಪಿಗೆ ಇದ್ದದ್ದು ಗಿಟಾರಿಗೆ. ಮತ್ತೆ ಅಲ್ಲಾಡಿಸಿ. ಕರಕರ ಈಗ ಆಂಪಿನ ಕಡೆಗೆ ಹೋಯಿತೋ, ಕೇಬಲ್ ಕೆಟ್ಟಿದೆ. ಗಿಟಾರಿನ ಕಡೆಯೇ ಉಳಿಯಿತೋ, ಜ್ಯಾಕ್ ನೋಡಬೇಕು. ಬೇರೆ ಕೇಬಲ್ ಇಲ್ಲದಾಗಲೂ ಈ ಪರೀಕ್ಷೆ ಮಾಡಬಹುದು, ಅದಕ್ಕೇ ನನಗೆ ಇದು ಇಷ್ಟ.

ನಾಬ್ ತಿರುಗಿಸುವಾಗ ಮಾತ್ರ ಕರಕರ ಬಂದರೆ ಅದು ವಾಲ್ಯೂಮ್ ಪಾಟಿನ, ಅಂದರೆ ನಾಬಿನ ಕೆಳಗೆ ತಿರುಗುವ ಭಾಗದ, ದೂಳು. ಜ್ಯಾಕಿಗೂ ಅದಕ್ಕೂ ಸಂಬಂಧವಿಲ್ಲ.

ಸದ್ದಿನ ಗುಣವೂ ಸುಳಿವು ಕೊಡುತ್ತದೆ. ಸಿಗ್ನಲ್ ವಯರ್ ತುಂಡಾದರೆ ಬೇಸ್ ಸುಮ್ಮನಾಗುತ್ತದೆ. ಅರ್ತ್ ವಯರ್ ಬಿಟ್ಟುಕೊಂಡರೆ ದೊಡ್ಡ 'ಹೂಂ' ಸದ್ದು ಏಳುತ್ತದೆ. ತಂತಿ ಮುಟ್ಟಿದಾಗ ಹಮ್ ಕಡಿಮೆಯಾಗಿ, ಕೈ ತೆಗೆದಾಗ ಸ್ವಲ್ಪ ಜಾಸ್ತಿಯಾದರೆ ಹೆದರಬೇಡಿ, ಎಷ್ಟೋ ಬೇಸ್‌ಗಳಲ್ಲಿ ಅದು ಸಹಜ. ಪಿನ್ ಪೂರ್ತಿ ಒಳಗೆ ತಳ್ಳಿದಾಗ ಸದ್ದು ಹೋಗಿ, ಒಂದು ಎಳೆ ಹೊರಗೆ ಎಳೆದಾಗ ಬಂದರೆ, ಪಟ್ಟಿ ಎಲ್ಲೋ ತಾಗಬಾರದಲ್ಲಿ ತಾಗುತ್ತಿದೆ. ಅದನ್ನು ಮುಂದೆ ಹೇಳುತ್ತೇನೆ.

ಮಲ್ಟಿಮೀಟರ್ ಇದ್ದರೆ ಇನ್ನೂ ಖಚಿತ. ಬ್ಯಾಟರಿ ಇಲ್ಲದ ಬೇಸ್‌ಗೆ ಕೇಬಲ್ ಹಾಕಿ, ವಾಲ್ಯೂಮ್ ಮತ್ತು ಟೋನ್ ಪೂರ್ತಿ ತೆರೆಯಿರಿ. ಕೇಬಲಿನ ಇನ್ನೊಂದು ತುದಿಯಲ್ಲಿ ಪಿನ್ನಿನ ಮೂತಿಗೂ ಮೈಗೂ ನಡುವೆ ಓಮ್ ಅಳೆಯಿರಿ. ಪ್ರಿಸಿಶನ್ ಬಗೆಯ ಬೇಸ್‌ನಲ್ಲಿ ಸಾಮಾನ್ಯವಾಗಿ 10 ಕಿಲೊ ಓಮ್ ಆಸುಪಾಸು ಬರುತ್ತದೆ. ಫೆಂಡರ್‌ನದೇ ಜಾಝ್ ಬೇಸ್ ಬಗೆಯದರಲ್ಲಿ ಎರಡೂ ಪಿಕಪ್ ತೆರೆದಿದ್ದರೆ 4 ಕಿಲೊ ಓಮ್ ಆಸುಪಾಸು. ಅಂಕಿ ಸ್ವಲ್ಪ ಆಚೀಚೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ನಾವು ನೋಡಬೇಕಾದದ್ದು ಅದು ನಿಂತಲ್ಲಿ ನಿಲ್ಲುತ್ತದೆಯೇ ಎಂದು. ಪಿನ್ ಅಲ್ಲಾಡಿಸಿದಾಗ ಅಂಕಿ ಜಿಗಿದಾಡಿದರೆ ಜ್ಯಾಕ್ ತಾಗುತ್ತಿಲ್ಲ. ಸೊನ್ನೆ ಬಂದರೆ ಎಲ್ಲೋ ಶಾರ್ಟ್. ಅಂಕಿಯೇ ಬಾರದಿದ್ದರೆ ವಯರ್ ತುಂಡು. ಬ್ಯಾಟರಿ ಇರುವ ಬೇಸ್‌ನಲ್ಲಿ ಈ ಅಳತೆಗೆ ಅರ್ಥವಿಲ್ಲ.

ಒಂದು ಎಚ್ಚರಿಕೆ ಇಲ್ಲೇ ಹೇಳಬೇಕು. ಪೆಂಡಾಲಿನಲ್ಲಿ ನುಡಿಸುವಾಗ ತುಟಿ ಮೈಕಿಗೆ ತಾಗಿ 'ಜುಂ' ಎಂದರೆ ಅದು ಜ್ಯಾಕಿನ ದೋಷವಲ್ಲ. ವೇದಿಕೆಯ ಕರೆಂಟಿನ ಅರ್ತಿಂಗ್ ಸರಿಯಿಲ್ಲ. ಗಾನಮೇಳಕ್ಕೆ ಜನರೇಟರ್, ಎಕ್ಸ್‌ಟೆನ್ಶನ್ ಬಾಕ್ಸ್ ಎಳೆದ ಕಡೆ ಇದು ಆಗುತ್ತದೆ. ತಕ್ಷಣ ನಿಲ್ಲಿಸಿ, ಲೈನ್ ಎಳೆದವರನ್ನು ಕರೆದು ತೋರಿಸಿ. ಅರ್ತ್ ಸರಿಯಾಗುವ ತನಕ ಗಿಟಾರ್ ಮುಟ್ಟಬೇಡಿ. ಪ್ರಾಣದ ಪ್ರಶ್ನೆ ಇದು.

ಬಿಚ್ಚುವುದು

ಕೇಬಲ್ ತೆಗೆಯಿರಿ. ಮಂಚದ ಮೇಲೆ ದಪ್ಪ ಬೈರಾಸು ಹಾಸಿ ಗಿಟಾರ್ ಮಲಗಿಸಿ. ಜಾಝ್ ಬಗೆಯದಾದರೆ ನಾಬ್‌ಗಳಿರುವ ತಗಡಿನಲ್ಲೇ ಜ್ಯಾಕ್ ಇರುತ್ತದೆ, ಕೆಲವೇ ಸ್ಕ್ರೂ. ಪ್ರಿಸಿಶನ್ ಬಗೆಯಲ್ಲಿ ದೊಡ್ಡ ಪ್ಲಾಸ್ಟಿಕ್ ಹಲಗೆ ಎತ್ತಬೇಕು, ತಂತಿ ಸಡಿಲ ಮಾಡಿಕೊಂಡರೆ ಕೆಲಸ ಸುಲಭ. ಅಂಚಿನಲ್ಲಿ ಜ್ಯಾಕ್ ಇರುವ ಬೇಸ್‌ಗಳಲ್ಲಿ ಪುಟ್ಟ ತಗಡಿನ ಸ್ಕ್ರೂ ಬಿಚ್ಚಿದರೆ ಸಾಕು, ಇಲ್ಲವೇ ಹಿಂದಿನ ಮುಚ್ಚಳ ತೆಗೆಯಬೇಕು.

ಎಳೆಯಬೇಡಿ. ಮೆಲ್ಲ ಎತ್ತಿ, ವಯರ್ ಎಷ್ಟು ಉದ್ದ ಇದೆ ನೋಡಿ. ಮೊಬೈಲಿನಲ್ಲಿ ಎರಡು ಫೋಟೋ ತೆಗೆದಿಟ್ಟುಕೊಳ್ಳಿ. ಯಾವ ಬಣ್ಣದ ವಯರ್ ಯಾವ ಕಿವಿಗೆ ಎಂಬುದು ಈಗ ಗೊತ್ತಿರುತ್ತದೆ, ಅರ್ಧ ಗಂಟೆ ಬಿಟ್ಟು ಮರೆತುಹೋಗುತ್ತದೆ.

ಮರದಲ್ಲಿ ಸ್ಕ್ರೂ ತೂತು ದೊಡ್ಡದಾಗಿ ಸ್ಕ್ರೂ ಸುಮ್ನೆ ಸುತ್ತುತ್ತಿದ್ದರೆ, ಮದ್ದು ತೆಗೆದ ಬೆಂಕಿಕಡ್ಡಿಗೆ ಫೆವಿಕಾಲ್ ಹಚ್ಚಿ ತೂತಿಗೆ ತುಂಬಿ. ಒಂದು ರಾತ್ರಿ ಬಿಡಿ. ಮರುದಿನ ಸ್ಕ್ರೂ ಗಟ್ಟಿಯಾಗಿ ಕಚ್ಚುತ್ತದೆ.

ನಟ್ ಬಿಗಿ ಮಾಡುವ ಕ್ರಮ

ಈ ಲೇಖನದಲ್ಲಿ ಒಂದೇ ಭಾಗ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ.

ನಟ್ ತಾನಾಗಿ ಸಡಿಲವಾಗುತ್ತದೆ. ಪಿನ್ ಹಾಕಿ ತೆಗೆಯುವಾಗ ನಾವು ಸ್ವಲ್ಪ ತಿರುಗಿಸುತ್ತೇವೆ, ಬೇಸ್‌ನ ತಗ್ಗು ಸ್ವರಗಳಿಗೆ ಮರವೂ ಅದುರುತ್ತದೆ. ಸಡಿಲವಾದ ಮೇಲೆ ಜ್ಯಾಕ್ ತೂತಿನಲ್ಲಿ ಗರಗರ ತಿರುಗುತ್ತದೆ. ಹೊರಗಿನಿಂದ ಸ್ಪ್ಯಾನರ್ ಹಾಕಿ ನಟ್ ಒತ್ತಿದರೆ ನಟ್ಟಿನ ಜೊತೆ ಜ್ಯಾಕೂ ಸುತ್ತುತ್ತದೆ. ಒಳಗಿನ ವಯರ್ ಹುರಿಗೊಳ್ಳುತ್ತದೆ. ಕೆಲವೊಮ್ಮೆ ಪಟ್ಟಿ ತಿರುಗಿ, ಜ್ಯಾಕ್ ಕೂರುವ ಗುಂಡಿಯ ಗೋಡೆಗೆ ತಾಗಿ ಶಾರ್ಟ್ ಆಗುತ್ತದೆ.

ಆದ್ದರಿಂದ ಬಿಚ್ಚಿ, ಒಳಗಿನಿಂದ ಜ್ಯಾಕಿನ ಲೋಹದ ಮೈಯನ್ನು ಬೆರಳಲ್ಲಿ ಅಥವಾ ನೋಸ್ ಪ್ಲೈಯರಿನಲ್ಲಿ ಗಟ್ಟಿ ಹಿಡಿಯಿರಿ. ಪಟ್ಟಿಯನ್ನು ಹಿಡಿಯಬೇಡಿ, ಬಗ್ಗಿಹೋಗುತ್ತದೆ. ಇನ್ನೊಂದು ಕೈಯಲ್ಲಿ ಹೊರಗಿನ ನಟ್ ಬಿಗಿ ಮಾಡಿ. ಅಮೆರಿಕದ ಅಳತೆಯ ಜ್ಯಾಕುಗಳಲ್ಲಿ ನಟ್ ಅರ್ಧ ಇಂಚಿನದು. ಏಷ್ಯಾದಲ್ಲಿ ತಯಾರಾದ ಎಷ್ಟೋ ಬೇಸ್‌ಗಳಲ್ಲಿ ಮಿಲಿಮೀಟರ್ ಅಳತೆ. ಒಂದರ ನಟ್ ಇನ್ನೊಂದಕ್ಕೆ ಕೂರುವುದಿಲ್ಲ, ಒತ್ತಾಯ ಮಾಡಿದರೆ ಮರೆ ಸವೆಯುತ್ತದೆ. ಸರಿಯಾದ ಸ್ಪ್ಯಾನರ್ ಇಲ್ಲದಿದ್ದರೆ ಅಡ್ಜಸ್ಟೆಬಲ್ ಸ್ಪ್ಯಾನರ್ ಸಾಕು. ಕಟಿಂಗ್ ಪ್ಲೈಯರಿನಿಂದ ಹಿಡಿದರೆ ನಟ್ಟಿನ ಮೂಲೆ ಉರುಟಾಗುತ್ತದೆ, ಜಾರಿದರೆ ಪಾಲಿಶ್ ಕೆರೆಯುತ್ತದೆ.

ಹಾಗೆಯೇ ವಾಷರ್ ನೋಡಿ. ಹಲ್ಲಿರುವ ಸ್ಟಾರ್ ವಾಷರ್ ಒಳಗಡೆ, ಜ್ಯಾಕಿಗೂ ತಗಡಿಗೂ ನಡುವೆ ಇರಬೇಕು. ಅದರ ಹಲ್ಲುಗಳು ತಗಡನ್ನು ಕಚ್ಚಿ ಜ್ಯಾಕ್ ತಿರುಗದಂತೆ ತಡೆಯುತ್ತವೆ. ಹೊರಗೆ ನಟ್ಟಿನ ಕೆಳಗೆ ಚಪ್ಪಟೆ ವಾಷರ್. ನನ್ನ ಕೈಗೆ ಬಂದ ಬೇಸ್‌ಗಳಲ್ಲಿ ಸ್ಟಾರ್ ವಾಷರ್ ಕಳೆದುಹೋದವು ಎಷ್ಟೋ. ಹಿಂದೆ ಯಾರೋ ಬಿಚ್ಚಿ, ಹಾಕುವಾಗ ಬಿಟ್ಟಿರುತ್ತಾರೆ. ಕೆಲವೇ ರೂಪಾಯಿಯ ಆ ವಾಷರ್ ಹಾಕಿದ ಮೇಲೆ ನಟ್ ಸಡಿಲವಾಗುವ ದೂರು ಮತ್ತೆ ಬಂದದ್ದು ತೀರಾ ಕಡಿಮೆ.

ಬಿಗಿ ಮಾಡುವ ಮೊದಲು ಪಟ್ಟಿ ಯಾವ ಕಡೆ ಮುಖ ಮಾಡಿದೆ ಎಂದೂ ನೋಡಬೇಕು. ಪಿನ್ ಒಳಗೆ ಹೋದಾಗ ಪಟ್ಟಿ ಹೊರಕ್ಕೆ ಸರಿಯುತ್ತದೆ. ಗಿಟಾರಿನ ಗುಂಡಿಗೆ ತಾಮ್ರದ ಹಾಳೆ ಅಂಟಿಸಿದ್ದರೆ ಅಥವಾ ಕರಿ ಕಂಡಕ್ಟಿವ್ ಪೇಂಟ್ ಹಚ್ಚಿದ್ದರೆ ಆ ಗೋಡೆಯೂ ಅರ್ತ್. ಪಟ್ಟಿ ಅದಕ್ಕೆ ತಾಗಿದ ಕ್ಷಣ ಸದ್ದು ಹೋಯಿತು. ಪಿನ್ ತೆಗೆದು ಅಳೆದರೆ ಎಲ್ಲ ಸರಿ ಕಾಣುತ್ತದೆ, ಹಾಕಿದರೆ ಸುಮ್ಮನೆ. ಈ ದೋಷ ಹುಡುಕಲು ನಾನು ಒಮ್ಮೆ ಅರ್ಧ ದಿನ ಕಳೆದಿದ್ದೇನೆ. ಪಟ್ಟಿ ಜಾಗ ಜಾಸ್ತಿ ಇರುವ ಕಡೆ ನೋಡುವಂತೆ ಜ್ಯಾಕ್ ತಿರುಗಿಸಿ ಕೂರಿಸಿ. ಗೋಡೆಗೆ ಒಂದು ತುಂಡು ಇನ್ಸುಲೇಶನ್ ಟೇಪ್ ಅಂಟಿಸಿ.

ಕಿಲುಬು ತೆಗೆಯುವುದು

ಯಕ್ಷಗಾನ ಕವಿ ಪಾರ್ತಿಸುಬ್ಬನ ಊರಾದ ಕುಂಬಳೆಯ ಸುತ್ತ ಯಕ್ಷಗಾನದ ಮದ್ದಳೆಯವರನ್ನು ನೋಡಿ. ಮಳೆಗಾಲದಲ್ಲಿ ಮದ್ದಳೆಯ ಚರ್ಮಕ್ಕೆ ತೇವ ತಾಗದಂತೆ ಎಷ್ಟು ಜೋಪಾನ ಮಾಡುತ್ತಾರೆ. ಎಲೆಕ್ಟ್ರಿಕ್ ವಾದ್ಯಕ್ಕೆ ಚರ್ಮವಿಲ್ಲ ಎಂದು ನಾವು ಆ ಜೋಪಾನ ಬಿಟ್ಟಿದ್ದೇವೆ. ಜ್ಯಾಕಿನ ಒಳಗಿರುವುದು ತೆಳುವಾದ ನಿಕಲ್ ಲೇಪ. ಬೆರಳಿನ ಬೆವರು ಪಿನ್ನಿನ ಜೊತೆ ಒಳಗೆ ಹೋಗುತ್ತದೆ, ಆಟಿ ತಿಂಗಳ ತೇವ ಬ್ಯಾಗಿನೊಳಗೆ ಕೂರುತ್ತದೆ, ಕಡಲಿನ ಉಪ್ಪು ಅದಕ್ಕೆ ಸೇರುತ್ತದೆ. ಲೇಪ ಸವೆದಲ್ಲಿ ಹಿತ್ತಾಳೆ ಕಾಣಿಸಿಕೊಂಡು ಹಸಿರು ಕಿಲುಬು ಕಟ್ಟುತ್ತದೆ. ಕಿಲುಬು ಕರೆಂಟನ್ನು ಬಿಡುವುದಿಲ್ಲ. ಪಿಕಪ್ಪಿನಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಅಷ್ಟು ತೆಳು ಪದರವೂ ಅದನ್ನು ತಡೆಯಬಲ್ಲದು.

ಬೇಕಾದದ್ದು ಎಲೆಕ್ಟ್ರಾನಿಕ್ಸ್ ಅಂಗಡಿಯಲ್ಲಿ ಸಿಗುವ ಐಸೊಪ್ರೊಪೈಲ್ ಆಲ್ಕೊಹಾಲ್, ಅಂಗಡಿಯವರು ಐಪಿಎ ಎನ್ನುತ್ತಾರೆ. ಇಲ್ಲವೇ ಕಾಂಟ್ಯಾಕ್ಟ್ ಕ್ಲೀನರ್ ಸ್ಪ್ರೇ. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಅದರಲ್ಲಿ ಅದ್ದಿ, ಕೊಳವೆಯ ಒಳಗೋಡೆ ಮತ್ತು ಪಟ್ಟಿಯ ಬಾಗು ಒರೆಸಿ. ಹತ್ತಿ ಕರಿಯಾಗುವುದು ನಿಲ್ಲುವ ತನಕ ಹೊಸ ಕಡ್ಡಿ ತೆಗೆದುಕೊಳ್ಳುತ್ತಾ ಹೋಗಿ. ಮುಚ್ಚಿದ ಜ್ಯಾಕಾದರೆ ಪಿನ್ನಿಗೇ ಕ್ಲೀನರ್ ಹಚ್ಚಿ, ಹತ್ತು ಹದಿನೈದು ಸಲ ಹಾಕಿ ತೆಗೆಯಿರಿ, ಪ್ರತಿ ಸಲ ಪಿನ್ ಒರೆಸಿ. ಕೇಬಲಿನ ಪಿನ್ ಮಂಕಾಗಿದ್ದರೆ ಪೆನ್ಸಿಲ್ ಅಳಿಸುವ ರಬ್ಬರಿನಿಂದ ತಿಕ್ಕಿ, ಪುಡಿ ಒರೆಸಿ. ಪಿನ್ ಕೊಳಕಾಗಿಟ್ಟು ಜ್ಯಾಕ್ ಮಾತ್ರ ತೊಳೆದರೆ ವಾರದಲ್ಲಿ ಮತ್ತೆ ಅದೇ ಸ್ಥಿತಿ.

ಮನೆಯ ಹಿತ್ತಾಳೆ ದೀಪ ಹುಣಸೆಹುಳಿಯಿಂದ ಫಳಫಳ ಎನ್ನುತ್ತದೆ, ನಿಜ. ಜ್ಯಾಕಿಗೆ ಆ ಹುಳಿ ಬೇಡ. ದೀಪವನ್ನು ನೀರಿನಲ್ಲಿ ತೊಳೆಯುತ್ತೇವೆ, ಇಲ್ಲಿ ತೊಳೆಯುವ ಹಾಗಿಲ್ಲ. ಉಳಿದ ಹುಳಿ ಲೋಹವನ್ನು ತಿನ್ನುತ್ತದೆ. ಮರಳುಕಾಗದವೂ ಬೇಡ. ಲೇಪ ಕಿತ್ತುಹೋಗಿ ಮುಂದಿನ ಮಳೆಗಾಲಕ್ಕೆ ಇನ್ನೂ ಬೇಗ ಕಿಲುಬು ಬರುತ್ತದೆ. ಬಾಗಿಲಿನ ಕೀಲಿಗೆ ಹಾಕುವ ಎಣ್ಣೆ ಸ್ಪ್ರೇ ಹಾಕಿದರೆ ಆ ದಿನ ಚೆನ್ನಾಗಿರುತ್ತದೆ, ಆಮೇಲೆ ದೂಳು ಅಂಟಿ ಪಾಕ ಕಟ್ಟುತ್ತದೆ.

ಪಟ್ಟಿಗೆ ಬಲ ಕೊಡುವುದು

ಪಿನ್ ಹಾಕುವಾಗ 'ಟಕ್' ಸದ್ದು ಇಲ್ಲ, ಬೆರಳಿಗೆ ಹಿಡಿತ ತಿಳಿಯುವುದಿಲ್ಲ, ಸಣ್ಣ ಎಳೆತಕ್ಕೆ ಪಿನ್ ಜಾರಿ ಬರುತ್ತದೆ ಎಂದರೆ ಪಟ್ಟಿ ಸೋತಿದೆ. ಪಿನ್ ಹೊರಗಿಟ್ಟು, ನೋಸ್ ಪ್ಲೈಯರಿನಿಂದ ಪಟ್ಟಿಯ ನಡುಭಾಗ ಹಿಡಿದು ನಡುಕೊಳವೆಯ ಕಡೆಗೆ ಒಂದೆರಡು ಮಿಲಿಮೀಟರ್ ಬಗ್ಗಿಸಿ. ಬುಡದಲ್ಲಿ ಬಗ್ಗಿಸಬೇಡಿ. ಬುಡ ಒಮ್ಮೆ ಮುರಿದರೆ ಜ್ಯಾಕ್ ಕಸಕ್ಕೆ. ಪಿನ್ ಹಾಕಿ ನೋಡಿ. ಪಟ್ಟಿ ಕಣ್ಣಿಗೆ ಕಾಣುವಷ್ಟು ಎದ್ದು, ಪಿನ್ನಿನ ಕುತ್ತಿಗೆಯಲ್ಲಿ ಕೂರಬೇಕು. ಸಾಲದಿದ್ದರೆ ಇನ್ನೊಂದು ಚೂರು. ಒಂದೇ ಸಲಕ್ಕೆ ಜಾಸ್ತಿ ಬಗ್ಗಿಸಿದರೆ ಪಿನ್ ಒಳಗೆ ಹೋಗುವಾಗ ತಡೆಯುತ್ತದೆ.

ಒಂದೇ ಜ್ಯಾಕನ್ನು ಎರಡು ಸಲ ಬಗ್ಗಿಸಿದ ಮೇಲೂ ಅದು ಸೋತರೆ ನಾನು ಮೂರನೇ ಸಲ ಬಗ್ಗಿಸುವುದಿಲ್ಲ. ಲೋಹ ದಣಿದಿರುತ್ತದೆ. ಹೊಸದು ಹಾಕುತ್ತೇನೆ.

ಹೊಸ ಜ್ಯಾಕ್, ಹೊಸ ಬೆಸುಗೆ

ಜ್ಯಾಕಿಗೆ ಹಣ ಉಳಿಸಬೇಡಿ ಎಂದು ಕೈಮುಗಿದು ಹೇಳುತ್ತೇನೆ. ಆಂಪ್ಲಿಫಯರ್ ಪೆಟ್ಟಿಗೆಗಳಿಗೆ ಹಾಕುವ ಪ್ಲಾಸ್ಟಿಕ್ ಮೈಯ ಪಿ-38 ಸಾಕೆಟ್ ಎಲ್ಲ ಕಡೆ ಸಿಗುತ್ತದೆ. ಅದು ಗಿಟಾರಿಗಲ್ಲ. ಎಳೆತಕ್ಕೆ ಅದರ ಮರೆಯೇ ಕಿತ್ತುಬರುತ್ತದೆ. ಲೋಹದ ತೆರೆದ ಜ್ಯಾಕ್ ತನ್ನಿ. ಸ್ವಿಚ್‌ಕ್ರಾಫ್ಟ್ ಕಂಪನಿಯ 11 ಎಂಬ ಮಾದರಿ ಮೋನೊ (ಒಂದು ಪಟ್ಟಿಯದು), 12ಬಿ ಸ್ಟೀರಿಯೊ (ಎರಡು ಪಟ್ಟಿಯದು). ವರ್ಷಗಟ್ಟಲೆ ಅದೇ ಬಳಸಿದ್ದೇನೆ. ನ್ಯೂಟ್ರಿಕ್‌ನವೂ ಒಳ್ಳೆಯವು. ಊರಲ್ಲಿ ಸಿಗದಿದ್ದರೆ ಅಂಚೆಯಲ್ಲಿ ತರಿಸಿ, ಎರಡು ತರಿಸಿ. ತೂತಿನ ಅಳತೆ ಮೊದಲೇ ನೋಡಿಕೊಳ್ಳಿ, ಇವುಗಳ ಮರೆ ಮುಕ್ಕಾಲಂಗುಲದ ಅರ್ಧ, ಅಂದರೆ ಸುಮಾರು 9.5 ಮಿಲಿಮೀಟರ್. ಹಳೆಯದು ಮಿಲಿಮೀಟರ್ ಅಳತೆಯದಾಗಿದ್ದರೆ ತೂತನ್ನು ಉರುಟು ಅರದಿಂದ ಒಂದಿಷ್ಟು ದೊಡ್ಡದು ಮಾಡಬೇಕಾಗಬಹುದು.

ಬೆಸುಗೆಗೆ 25 ರಿಂದ 40 ವ್ಯಾಟಿನ ಸೋಲ್ಡರಿಂಗ್ ಐರನ್ ಸಾಕು. ಲೆಡ್ (ಬೆಸುಗೆಯ ತಂತಿ) 60/40, ನಡುವೆ ರೋಸಿನ್ ಇರುವಂಥದ್ದು. ತಗಡಿನ ಕೆಲಸದವರು ಬಳಸುವ ಆಸಿಡ್ ಫ್ಲಕ್ಸ್ ಹತ್ತಿರವೂ ತರಬೇಡಿ, ವಯರನ್ನು ಒಳಗಿಂದ ತಿನ್ನುತ್ತದೆ. ಗಿಟಾರಿನ ಮೇಲೆ ದಪ್ಪ ಬಟ್ಟೆ ಹೊದಿಸಿ. ಬಿಸಿ ಲೆಡ್ಡಿನ ಒಂದು ಹನಿ ಬಿದ್ದರೆ ಪಾಲಿಶಿನ ಕಲೆ ಹೋಗುವುದಿಲ್ಲ. ಕಿಟಕಿ ತೆರೆದಿಡಿ, ಕೆಲಸ ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಇದರಲ್ಲಿ ಸೀಸ ಇದೆ.

ಜ್ಯಾಕ್ ಹಿಡಿಯಲು ಮೂರನೇ ಕೈ ಬೇಕಾಗುತ್ತದೆ. ನಾನು ಅಡಕೆ ಮರದ ಸಲಾಕೆಯ ಒಂದು ತುಂಡಿಗೆ 10 ಮಿಲಿಮೀಟರ್ ತೂತು ಕೊರೆದಿಟ್ಟಿದ್ದೇನೆ. ಜ್ಯಾಕನ್ನು ಅದರಲ್ಲಿ ತಲೆಕೆಳಗಾಗಿ ಕೂರಿಸಿದರೆ ಕಿವಿಗಳು ಮೇಲೆ ಬರುತ್ತವೆ, ಅಲುಗುವುದಿಲ್ಲ.

ಹಳೆಯ ವಯರಿನ ಕಪ್ಪಾದ ತುದಿ ಕತ್ತರಿಸಿ, ಅರ್ಧ ಸೆಂಟಿಮೀಟರ್ ಸಿಪ್ಪೆ ಸುಲಿದು, ಎಳೆಗಳನ್ನು ಹೊಸೆಯಿರಿ. ಮೊದಲು ವಯರಿಗೂ ಕಿವಿಗೂ ಬೇರೆ ಬೇರೆಯಾಗಿ ತೆಳುವಾಗಿ ಲೆಡ್ ಹಚ್ಚಿ. ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕುತ್ತಾರಲ್ಲ, ಅದೇ ಕೆಲಸ. ಆಮೇಲೆ ವಯರನ್ನು ಕಿವಿಯ ತೂತಿಗೆ ತೂರಿಸಿ ಕೊಕ್ಕೆಯ ಹಾಗೆ ಮಡಚಿ. ಐರನ್ ತುದಿಯನ್ನು ಕಿವಿಗೂ ವಯರಿಗೂ ಒಟ್ಟಿಗೆ ತಾಗಿಸಿ. ಎರಡು ಮೂರು ಸೆಕೆಂಡ್ ಬಿಟ್ಟು ಲೆಡ್ಡನ್ನು ಕಿವಿಗೆ ಮುಟ್ಟಿಸಿ, ಐರನ್ನಿಗಲ್ಲ. ಕಿವಿ ಸಾಕಷ್ಟು ಬಿಸಿಯಾಗಿದ್ದರೆ ಲೆಡ್ ನೀರಿನ ಹಾಗೆ ಹರಿದು ವಯರಿನ ಎಳೆಗಳ ನಡುವೆ ಇಳಿಯುತ್ತದೆ. ಲೆಡ್ ತೆಗೆಯಿರಿ, ಐರನ್ ತೆಗೆಯಿರಿ, ಐದು ಸೆಕೆಂಡ್ ವಯರ್ ಅಲುಗಿಸಬೇಡಿ. ಹೊಳೆಯುವ ಬೆಸುಗೆ ಒಳ್ಳೆಯದು. ಮಂಕಾಗಿ, ಮುದ್ದೆಯಾಗಿ ನಿಂತದ್ದು ಹಸಿ ಬೆಸುಗೆ. ಮತ್ತೆ ಕಾಯಿಸಿ.

ಯಾವ ವಯರ್ ಎಲ್ಲಿಗೆ? ವಾಲ್ಯೂಮ್ ಪಾಟಿನಿಂದ ಬರುವ ಸಿಗ್ನಲ್ ವಯರ್ ಪಟ್ಟಿಯ ಕಿವಿಗೆ. ಅರ್ತ್, ಹೆಚ್ಚಾಗಿ ಕಪ್ಪು, ಕೊಳವೆಯ ಕಿವಿಗೆ. ಬಣ್ಣವನ್ನೇ ನಂಬಬೇಡಿ, ಫೋಟೋ ನೋಡಿ. ಅದಲು ಬದಲಾದರೆ ಏನೂ ಸುಡುವುದಿಲ್ಲ, ಹಮ್ ಬರುತ್ತದೆ ಇಲ್ಲವೇ ಸದ್ದೇ ಬರುವುದಿಲ್ಲ, ಅಷ್ಟೆ. ವಯರ್ ತೀರಾ ಗಿಡ್ಡವಾಗಿದ್ದರೆ ಹೊಸ ವಯರ್ ಹಾಕಿ, ಮುಂದಿನ ಸಲ ಬಿಚ್ಚಲು ನಾಲ್ಕು ಬೆರಳಿನಷ್ಟು ಉದ್ದ ಬಿಡಿ. ಮುಚ್ಚುವ ಮೊದಲೇ ಕೇಬಲ್ ಹಾಕಿ ಸದ್ದು ಪರೀಕ್ಷಿಸಿ.

ಬ್ಯಾಟರಿ ಇರುವ ಬೇಸ್

ಆ್ಯಕ್ಟಿವ್ ಬೇಸ್‌ಗಳಲ್ಲಿ ಸಾಮಾನ್ಯವಾಗಿ ಸ್ಟೀರಿಯೊ ಜ್ಯಾಕ್ ಇರುತ್ತದೆ. ಸದ್ದು ಮೋನೊ ಆಗಿದ್ದರೂ ಎರಡನೇ ಪಟ್ಟಿ ಯಾಕೆ? ಅದೇ ಬ್ಯಾಟರಿಯ ಸ್ವಿಚ್. 9 ವೋಲ್ಟಿನ ಬ್ಯಾಟರಿಯ ಕಪ್ಪು ವಯರ್ ಆ ಪಟ್ಟಿಗೆ ಬಂದಿರುತ್ತದೆ. ಮೋನೊ ಪಿನ್ ಹಾಕಿದಾಗ ಪಿನ್ನಿನ ಮೈ ಆ ಪಟ್ಟಿಯನ್ನೂ ಅರ್ತ್ ಕೊಳವೆಯನ್ನೂ ಸೇರಿಸುತ್ತದೆ, ಪ್ರಿಆಂಪ್ (ಗಿಟಾರಿನ ಒಳಗಿನ ಪುಟ್ಟ ಆಂಪ್) ಆನ್ ಆಗುತ್ತದೆ. ಹಾಗಾಗಿ ಇಲ್ಲಿ ಮೋನೊ ಜ್ಯಾಕ್ ಹಾಕುವಂತಿಲ್ಲ. ಸ್ಟೀರಿಯೊ ಪಿನ್ನಿನ ಕೇಬಲೂ ಬೇಡ, ಬ್ಯಾಟರಿ ಆನ್ ಆಗದೆ ಉಳಿಯಬಹುದು.

ಬ್ಯಾಟರಿ ಹೊಸದು, ಆದರೂ ಸದ್ದು ಒಡೆದು ಬಂದು ಸಾಯುತ್ತಿದೆ ಎಂದರೆ ಈ ಎರಡನೇ ಪಟ್ಟಿಗೆ ಕಿಲುಬು ಹಿಡಿದಿರಬಹುದು. ಮೊದಲು ಬ್ಯಾಟರಿ ಅಳೆಯಿರಿ, 8 ವೋಲ್ಟಿಗಿಂತ ಕೆಳಗಿದ್ದರೆ ಬದಲಿಸಿ. ಸರಿಯಿದ್ದರೆ ಬ್ಯಾಟರಿ ಕಳಚಿ, ಪಿನ್ ಹಾಕಿ, ಎರಡನೇ ಪಟ್ಟಿಗೂ ಕೊಳವೆಗೂ ನಡುವೆ ಓಮ್ ನೋಡಿ. ಸೊನ್ನೆಯ ಹತ್ತಿರ ಇರಬೇಕು.

ನುಡಿಸದಾಗ ಕೇಬಲ್ ಕಳಚಿಡಿ. ಒಂದು ಆಲ್ಕಲೈನ್ ಬ್ಯಾಟರಿಯಲ್ಲಿ ಸುಮಾರು 500 ಮಿಲಿ ಆಂಪಿಯರ್ ಅವರ್ ಇರುತ್ತದೆ. ಪ್ರಿಆಂಪ್ 1 ಮಿಲಿ ಆಂಪಿಯರ್ ಎಳೆದರೆ 500 ಗಂಟೆ. ಪಿನ್ ಸಿಕ್ಕಿಸಿಯೇ ಮೂಲೆಯಲ್ಲಿಟ್ಟರೆ ನುಡಿಸದೆಯೇ ಮೂರು ವಾರದಲ್ಲಿ ಖಾಲಿ.

ಮಳೆಗಾಲ ಮತ್ತು ಕೇಬಲ್

ಕೇಬಲನ್ನು ನೇರ ಜ್ಯಾಕಿಗೆ ಹಾಕಬೇಡಿ. ಮೊದಲು ಸ್ಟ್ರಾಪಿಗೂ ಗಿಟಾರಿಗೂ ನಡುವೆ ತೂರಿಸಿ, ಒಂದು ಸುತ್ತು ಬಿಟ್ಟು, ಆಮೇಲೆ ಪಿನ್ ಹಾಕಿ. ಯಾರಾದರೂ ಎಡವಿದರೆ ಎಳೆತ ಸ್ಟ್ರಾಪಿಗೆ ಬೀಳುತ್ತದೆ. ಅಂಚಿನಲ್ಲಿ ಜ್ಯಾಕ್ ಇರುವ ಬೇಸ್‌ಗೆ ಎಲ್ ಆಕಾರದ ಪಿನ್ ಒಳ್ಳೆಯದು. ತೆಗೆಯುವಾಗ ಪಿನ್ನಿನ ಹಿಡಿ ಹಿಡಿದು ನೇರ ಎಳೆಯಿರಿ. ಕೇಬಲ್ ಹಿಡಿದು ಎಳೆಯುವವರನ್ನು ಕಂಡರೆ ನಾನು ಪರಿಚಯವಿಲ್ಲದಿದ್ದರೂ ಹೋಗಿ ಹೇಳುತ್ತೇನೆ. ಹಾಕುವ, ತೆಗೆಯುವ ಮೊದಲು ಆಂಪ್ ಸದ್ದು ತಗ್ಗಿಸಿ. 'ಧಡ್' ಎಂಬ ಆ ಪೆಟ್ಟು ಸ್ಪೀಕರಿಗೆ ಒಳ್ಳೆಯದಲ್ಲ.

ಜೂನ್ ಬರುವ ಮೊದಲು ಒಮ್ಮೆ ಬಿಚ್ಚಿ, ಒರೆಸಿ, ನಟ್ ನೋಡಿ. ಮಳೆಯಲ್ಲಿ ನೆನೆದ ಬ್ಯಾಗಿನೊಳಗೆ ಗಿಟಾರ್ ರಾತ್ರಿ ಇಡಬೇಡಿ. ಬ್ಯಾಗ್ ಬೇರೆ ಒಣಗಿಸಿ, ಗಿಟಾರ್ ಹೊರಗೆ ಗೋಡೆಯಿಂದ ದೂರ ನಿಲ್ಲಿಸಿ. ಬ್ಯಾಗಿನಲ್ಲಿ ಎರಡು ಸಿಲಿಕಾ ಜೆಲ್ ಪೊಟ್ಟಣ ಇಡಿ, ತಿಂಗಳಿಗೊಮ್ಮೆ ಬಿಸಿಲು ಬಂದ ದಿನ ಬದಲಿಸಿ. ಹಬ್ಬದ ಸೀಸನ್ ಶುರುವಾಗುವ ಮುಂಚೆ ಇನ್ನೊಮ್ಮೆ ನೋಡಿ.

ವೇದಿಕೆಯ ಮೇಲೆಯೇ ಕೆಟ್ಟರೆ

ಅಲ್ಲಿ ಬಿಚ್ಚಲು ಸಮಯವಿಲ್ಲ. ನಟ್ಟಿಗೆ ಕೈ ಹಾಕಬೇಡಿ. ಮೊದಲು ಕೇಬಲ್ ಬದಲಿಸಿ. ಆಗಲಿಲ್ಲವೆಂದರೆ ಪಿನ್ನನ್ನು ಮೆಲ್ಲ ಆಚೀಚೆ ಒತ್ತಿ ಸದ್ದು ಬರುವ ಕೋನ ಹುಡುಕಿ. ಸಿಕ್ಕಿದ ಕೂಡಲೇ ಕೇಬಲನ್ನು ಆ ಕೋನದಲ್ಲೇ ಗಿಟಾರಿನ ಹಿಂಬದಿಗೆ ಟೇಪ್ ಹಾಕಿ ಅಂಟಿಸಿ, ಉಳಿದದ್ದನ್ನು ಸ್ಟ್ರಾಪಿಗೆ ಸುತ್ತಿ. ನಿಂತಲ್ಲೇ ನಿಂತು ನುಡಿಸಿ. ನನ್ನ ಬ್ಯಾಗಿನಲ್ಲಿ ಒಂದು ಸಣ್ಣ ಡಬ್ಬಿ ಇದೆ: ಟೇಪ್, ಸ್ಪ್ಯಾನರ್, ಸ್ಕ್ರೂ ಡ್ರೈವರ್, ಒಂದು ಹೊಸ ಜ್ಯಾಕ್, ಸ್ಟಾರ್ ವಾಷರ್, 9 ವೋಲ್ಟ್ ಬ್ಯಾಟರಿ. ಅಷ್ಟರಿಂದ ಎಷ್ಟೋ ಕಾರ್ಯಕ್ರಮ ಉಳಿದಿವೆ, ನನ್ನವೂ ಬೇರೆಯವರವೂ. ಮನೆಗೆ ಬಂದ ರಾತ್ರಿಯೇ ಟೇಪ್ ಕಿತ್ತುಬಿಡಿ, ಬೆಳಗಾದರೆ ಅದರ ಗೋಂದು ಪಾಲಿಶಿಗೆ ಹಿಡಿದುಕೊಳ್ಳುತ್ತದೆ. ಜ್ಯಾಕ್ ಬಿಚ್ಚುವುದು ಮರುದಿನ, ಬೆಳಕಿನಲ್ಲಿ.